ರಿಮೂವ್ ಅಂದರೆ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 6

ಕಂಪ್ಯೂಟರ್ ಆನ್ ಮಾಡಿದೆ. ಅತ್ತೆಯ ಪೇಜ್ ನಡೆಸೋ ಸರ್ವರ್ ಸ್ಟಾರ್ಟ್ ಒತ್ತಿದೆ. ಹಸಿರು ಬಂತು. ದಿನಾ ಆ ಹಸಿರು ಬರೋವರೆಗೂ ಸ್ಕ್ರೀನಿಂದ ಕಣ್ಣು ತೆಗೆಯಲ್ಲ. ಅದು ಬಂದರೇನೇ ಅತ್ತೆಗೆ ಮಾತು.

ಲೈಬ್ರರಿ ಕ್ಲಾಸಲ್ಲಿ ಕಲಿತು ನಾನೇ ಮಾಡಿದ ಪೇಜ್ ತೆಗೆದು ಅತ್ತೆಯ ಎಡಗೈಗೆ ಮೌಸ್ ಕೊಟ್ಟೆ. ಲಕ್ವ ಹೊಡೆದು ಎರಡು ವರ್ಷ. ಮಾತು ನಿಂತುಹೋಗಿದೆ, ತಲೆ ಮಾತ್ರ ಮೊದಲಿಗಿಂತ ಚುರುಕು. ಮೊದಲು ಒತ್ತಿದ್ದೇ — "ಟೀ ತಣ್ಣಗಾಗಿದೆ."

ನೂರಾ ಹನ್ನೆರಡು ಬಟನ್. ಒಂದೊಂದಕ್ಕೂ ಒಂದು ಮಾತು. ಎಲ್ಲಾ ನನ್ನ ದನಿ. ನಮ್ಮ ಯಜಮಾನರಿಗೆ ರೆಕಾರ್ಡ್ ಮಾಡೋಕೆ ನಾಚಿಕೆ, ಮನೇಲಿ ಇನ್ಯಾರಿದ್ದಾರೆ? ಹಾಗಾಗಿ ಅತ್ತೆ ನನ್ನನ್ನು ಬೈಯೋದೂ ನನ್ನ ಗಂಟಲಲ್ಲೇ. ಇವರಿಗೆ ಅದೇ ತಮಾಷೆ.

ಮೂಲೆಯಲ್ಲಿ ಆ ಹಳದಿ ಪಟ್ಟಿ ಇವತ್ತೂ ಇದೆ. ಸರ್ವರ್ ಹಳೇದಾಯ್ತು, ಅಪ್‌ಗ್ರೇಡ್ ಮಾಡಿ ಅಂತ. ಮಾಡದೆ ಇದ್ದು ನಿಂತುಹೋದರೆ? ಮಾಡಿ ಕೆಟ್ಟರೆ? ಲಾಂಡ್ರಿ ಕೆಲಸಕ್ಕೆ ಹೊತ್ತಾಯ್ತು.

ಮಾರ್ಚ್ 5, ಗುರುವಾರ

ಭಾವನ ಫೋನ್. ಮುಂದಿನ ಶನಿವಾರ ಬರ್ತಾರಂತೆ, ಜೊತೆಗೆ ವೃದ್ಧಾಶ್ರಮದ ಮ್ಯಾನೇಜರ್. ಅಲ್ಲಿ ನರ್ಸ್ ಇದ್ದಾರೆ, ಲಿಫ್ಟ್ ಇದೆ, ನಿನಗೂ ಉಸಿರು ಬಿಡೋಕೆ ಆಗತ್ತೆ ಅಂದರು. ಕೆಟ್ಟವರೇನಲ್ಲ. ಕೊನೆಗೆ ಹೇಳಿದ್ದು — "ಅಮ್ಮ ಬೇಡ ಅಂದ್ರೆ ಬಿಟ್ಬಿಡ್ತೀನಿ. ಆದ್ರೆ ಅಮ್ಮನೇ ಹೇಳ್ಬೇಕು."

ಅತ್ತೆಗೆ ಹೇಳಿದೆ. "ಇಲ್ಲ" ಬಟನ್ ಏಳು ಸಲ ಒತ್ತಿದರು. ಗೋಡೆ ಕಡೆ ತಿರುಗಿ ಮಲಗಿದರು.

ಅತ್ತೆ ಹೋಗಲಿ ಬಿಡು ಅಂತ ನನಗೆ ಅನ್ನಿಸಿತ್ತು. ಒಂದೇ ಗಳಿಗೆ. ಬೆನ್ನು ನೆಟ್ಟಗೆ ಮಾಡಿ ಎರಡು ವರ್ಷ ಆಯ್ತು... ಯಾರ ಹತ್ತಿರವೂ ಹೇಳಲ್ಲ. ಇಲ್ಲಿ ಮಾತ್ರ.

ಮಾರ್ಚ್ 8, ಭಾನುವಾರ. ಮಧ್ಯಾಹ್ನ 3

ಶನಿವಾರವೇ ಸರ್ವರ್ ಕೈಕೊಟ್ಟರೆ ಅಂತ ಮೂರು ದಿನ ಅನ್ನ ಸೇರಲಿಲ್ಲ. ಇವತ್ತು ಗಟ್ಟಿ ಮನಸ್ಸು ಮಾಡಿ ಅಪ್‌ಗ್ರೇಡ್ ಒತ್ತಿದೆ.

ಹಳೇದನ್ನು ಮೊದಲು ತೆಗೀಬೇಕು ಅಂತು. ತೆಗೆದೆ. ಮಧ್ಯದಲ್ಲಿ ಒಂದು ಪ್ರಶ್ನೆ, ಇಂಗ್ಲಿಷಲ್ಲಿ. ನಿಮ್ಮ ಪೇಜ್‌ಗಳ ಫೋಲ್ಡರ್ ಕೂಡ ರಿಮೂವ್ ಮಾಡಲೇ? ರೀಚಾರ್ಜ್ ಅಂದರೆ ಮತ್ತೆ ಚಾರ್ಜ್. ರೀಫಿಲ್ ಅಂದರೆ ಮತ್ತೆ ತುಂಬೋದು. ಮೂವ್ ಅಂದರೆ ಜರುಗಿಸೋದು. ಹಾಗಾದ್ರೆ ರಿಮೂವ್ ಅಂದರೆ ಮತ್ತೆ ಹೊಸ ಜಾಗಕ್ಕೆ ಜರುಗಿಸ್ತಾರೆ ಅಂದುಕೊಂಡೆ. ಎಷ್ಟು ಒಳ್ಳೇದು, ಕೇಳಿ ಮಾಡ್ತಾ ಇದೆ ಅಂದುಕೊಂಡು ಯೆಸ್ ಒತ್ತಿದೆ.

ಹೊಸ ಸರ್ವರ್ ಬಂತು. ಹಸಿರೂ ಬಂತು. ಒಳಗೆ ಏನೂ ಇಲ್ಲ.

ಅತ್ತೆ ಬಿಳೀ ಸ್ಕ್ರೀನ್ ಮೇಲೆ ಮೌಸ್ ಒತ್ತುತ್ತಲೇ ಇದ್ದರು.

ಮಾರ್ಚ್ 9, ಸೋಮವಾರ

ಲೈಬ್ರರಿಗೆ ಓಡಿದೆ. ನಮಗೆ ವೆಬ್ ಪೇಜ್ ಕಲಿಸಿದ ಮೇಡಂಗೆ ಎಲ್ಲಾ ಹೇಳಿದೆ. ಬ್ಯಾಕಪ್ ಎಲ್ಲಿ ಅಂದರು. ಇಲ್ಲ. ಫೋನಲ್ಲಿದ್ದ ರೆಕಾರ್ಡಿಂಗೂ ಆಗಲೇ ಅಳಿಸಿದ್ದೆ. "ರಿಮೂವ್ ಅಂದ್ರೆ ತೆಗೆದುಹಾಕೋದು ಕಣಮ್ಮಾ." ನಗಲಿಲ್ಲ ಅವರು. ನಕ್ಕಿದ್ದರೆ ವಾಸಿ ಇತ್ತು. ಒಂಬತ್ತನೇ ಕ್ಲಾಸು ಮುಗಿಸಿದ್ದರೆ ಇಷ್ಟು ಗೊತ್ತಾಗ್ತಿರಲಿಲ್ವಾ?

ಅವರ ಹತ್ತಿರ ನಮ್ಮ ಕ್ಲಾಸಿನ ಹಳೇ ಫೈಲ್ ಸಿಕ್ಕಿತು. ನಾಲ್ಕೇ ಬಟನ್. ನೀರು, ನೋವು, ಹೌದು, ಇಲ್ಲ. ಪೆನ್‌ಡ್ರೈವಲ್ಲಿ ತಂದು ಹಾಕಿದರೆ ಕನ್ನಡ ಇದ್ದ ಕಡೆಯೆಲ್ಲ ಬರೀ ಪ್ರಶ್ನೆ ಗುರುತು. ಮೇಡಂ ಫೋನಲ್ಲೇ ಒಂದು ಸಾಲು ಕೋಡ್ ಹೇಳಿದರು. ಸೇರಿಸಿದೆ. ಅಕ್ಷರ ಮೂಡಿತು.

ಮಿಕ್ಕ ಮಾತೆಲ್ಲ ಈ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ, ಪುಣ್ಯ. ನೂರಾ ಎಂಟು. ಮತ್ತೆ ಮೊದಲಿಂದ.

ಮಾರ್ಚ್ 12, ಗುರುವಾರ

ಎಂಬತ್ತೊಂಬತ್ತು ಆಯ್ತು. ಅದರ ಮೇಲೆ "ನಾನು ಎಲ್ಲೂ ಹೋಗಲ್ಲ" ಒಂದು ಹೊಸದು, ಅತ್ತೆ ಸನ್ನೆ ಮಾಡಿ ಕೇಳಿದ್ದು. ಉಳಿದಿದ್ದು ಹತ್ತೊಂಬತ್ತು. ಎಲ್ಲವೂ ನನ್ನನ್ನು ಬೈಯೋ ಮಾತು. ಬಿಟ್ಟುಬಿಟ್ಟೆ. ಯಾರಿಗೆ ಗೊತ್ತಾಗತ್ತೆ?

ಅತ್ತೆಗೆ ಗೊತ್ತಾಯ್ತು. ಪೇಜನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಮೂರು ಸಲ ಹುಡುಕಿದರು. ನನ್ನ ಮುಖ ನೋಡಿದರು. ತಟ್ಟೆ ಸರಿಸಿದರು.

ಮಾರ್ಚ್ 13, ಶುಕ್ರವಾರ

ಟೀ ಟೈಮಲ್ಲಿ ಲಾಂಡ್ರಿಯ ಹಿಂದೆ, ಬೆಡ್‌ಶೀಟ್ ಗಂಟುಗಳ ಮಧ್ಯೆ ಕೂತು ಫೋನಲ್ಲಿ ರೆಕಾರ್ಡ್ ಮಾಡ್ತಾ ಇದ್ದೆ — ನಿಂಗೆ ಯಾವ ಕೆಲಸ ನೆಟ್ಟಗೆ ಬರತ್ತೆ?

ಸೂಪರ್‌ವೈಸರ್ ಇಣುಕಿದ. "ಯಾರಿಗಮ್ಮಾ ಬೈತಿರೋದು?"

"ನಂಗೇ."

ಒಳಗೆ ಹೋದ. ಹತ್ತೊಂಬತ್ತೂ ಮುಗಿಸಿದೆ. ಮೊದಲ ಸಲಕ್ಕಿಂತ ಚೆನ್ನಾಗೇ ಬಂದಿದೆ, ಹಾಳಾದ್ದು.

ಮಾರ್ಚ್ 14, ಶನಿವಾರ. ಸಂಜೆ 5

ಬಂದರು. ಮ್ಯಾನೇಜರ್ ಮೊಣಕಾಲ ಮೇಲೆ ಫಾರಂ. ಕೇಳೋಕೆ ಮುಂಚೆಯೇ ಅತ್ತೆ ಒತ್ತಿದರು — "ನಾನು ಎಲ್ಲೂ ಹೋಗಲ್ಲ."

ಭಾವ ನನ್ನ ಕಡೆ ತಿರುಗಿದರು. "ಇದು ನಿನ್ನ ದನಿ ಅಲ್ವಾ? ಅಮ್ಮ ಹೇಳಿದ್ದು ಅಂತ ಹೇಗೆ ನಂಬಲಿ?"

ಆ ಒಂದು ಗಳಿಗೆ ಹೋಗಲಿ ಅಂದುಕೊಂಡವಳು ನಾನೇ ಅಂತ ಹೇಗೆ ಹೇಳೋದು? ಇವರು ನೆಲ ನೋಡ್ತಾ ನಿಂತಿದ್ದರು.

ಅತ್ತೆಯ ಮೌಸ್ ಕೆಳಗಿಳೀತು. "ಟೀ ತಣ್ಣಗಾಗಿದೆ." ಇನ್ನೂ ಕೆಳಗೆ. "ನಿಂಗೆ ಯಾವ ಕೆಲಸ ನೆಟ್ಟಗೆ ಬರತ್ತೆ?" ಆಮೇಲೆ — "ನಿಮ್ಮಮ್ಮ ಇದನ್ನೇ ಕಲಿಸಿದ್ದಾ?" ನನ್ನ ದನಿ, ನನ್ನ ಕಡೆಗೇ. ಅತ್ತೆಯ ಕಣ್ಣು ಮಾತ್ರ ದೊಡ್ಡ ಮಗನ ಮೇಲೆ.

ಮ್ಯಾನೇಜರ್ ಕೆಮ್ಮಿದ ಹಾಗೆ ಮಾಡಿ ನಕ್ಕರು. ಭಾವ ನಗಲಿಲ್ಲ. ಮಂಚದ ಅಂಚಲ್ಲಿ ಕೂತರು. ಮೆಲ್ಲಗೆ, "ಇದು ಅಮ್ಮನೇ" ಅಂದರು.

ಫಾರಂ ಮಡಿಸಿಕೊಂಡು ಹೋದರು. ನಾನು ಅಡುಗೆಮನೆಗೆ ಹೋಗಿ ಟೀ ಬಿಸಿ ಮಾಡಿದೆ.

ಮಾರ್ಚ್ 17, ಮಂಗಳವಾರ. ಬೆಳಿಗ್ಗೆ 6

ಹಸಿರು ಬಂತು. ಬ್ಯಾಕಪ್ ಎರಡು ಪೆನ್‌ಡ್ರೈವಲ್ಲಿ. ಒಂದು ಕಳೆದುಹೋದರೆ? ಮೂರನೇದು ಮಾಡಬೇಕು.

ನೂರಾ ಹದಿನಾಲ್ಕನೇ ಬಟನ್ ನಿನ್ನೆ ಹಾಕಿದೆ. ಅತ್ತೆ ಎರಡು ದಿನ ನನ್ನನ್ನು ತೋರಿಸೋದು, ಕುರ್ಚಿ ತೋರಿಸೋದು. ಕುರ್ಚಿ ಒರೆಸಿದೆ, ಜರುಗಿಸಿದೆ, ಆಚೆ ಇಟ್ಟೆ. ತಲೆ ಚಚ್ಚಿಕೊಂಡರು. ಕೊನೆಗೆ ಇವರೇ ಅರ್ಥ ಮಾಡಿಕೊಂಡು ಹೇಳಿದರು. ರೆಕಾರ್ಡ್ ಎರಡನೇ ಸಲಕ್ಕೆ ಸರಿ ಬಂತು.

ಈಗ ಒಳಗಿಂದ ನನ್ನದೇ ದನಿ — ಸ್ವಲ್ಪ ಕೂತ್ಕೋ.

ಲಾಂಡ್ರಿಗೆ ಹೊತ್ತಾಯ್ತು. ಮತ್ತೆ ಒತ್ತಿದರು. ಬಂದೆ ಅತ್ತೆ, ಈ ಒಂದು ಸಾಲು ಬರೆದು