ಅಪ್ಪನ ಮುಲಾಮಿನ ಪರೀಕ್ಷೆ

ಅಪ್ಪ,

ಆ ದಿನ ನೀನು ಕಮಲಾಪುರದಿಂದ ಬೆಳಗಿನ ಮೊದಲ ಬಸ್ಸಿಗೇ ಕಲಬುರಗಿಗೆ ಬಂದುಬಿಟ್ಟಿದ್ದೆ. ನಾನಾಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ಖೂಬಾ ಪ್ಲಾಟ್ ಬಡಾವಣೆಯಲ್ಲಿ ಗೆಳತಿಯರ ಜೊತೆ ಬಾಡಿಗೆ ಕೋಣೆಯಲ್ಲಿ. ಬಾಗಿಲು ತೆರೆದರೆ ನೀನು, ಕೈಯಲ್ಲಿ ನೀನೇ ಹೊಲಿದ ಚೀಲ. ಅದರಲ್ಲಿ ನಮ್ಮೂರಿನ ಕೆಂಪು ಬಾಳೆಹಣ್ಣು, ಹಣ್ಣಿನ ಕೆಳಗೆ ಮುಲಾಮಿನ ಡಬ್ಬಿ. "ನಿಮ್ಮ ಲ್ಯಾಬಿನಾಗ ಔಷಧ ಕೆಲಸ ಮಾಡ್ತದೋ ಇಲ್ಲೋ ನೋಡ್ತಾರಂತ ನೀನೇ ಹೇಳಿದ್ದಿ. ಇದನ್ನೂ ನೋಡವ್ವ" ಅಂತ ಡಬ್ಬಿ ಕೊಟ್ಟೆ. ನನಗೆ ನಗು ಬಂತು. ನೀನು ನಗಲಿಲ್ಲ. "ಮಂದಿ ನನ್ನ ನಂಬಿ ಕಾಲು ಚಾಚ್ತಾರ. ಖರೇನೇ ಕೆಲಸ ಮಾಡ್ತದೋ ಇಲ್ಲೋ ನನಗ ಗೊತ್ತಾಗಬೇಕಲ್ಲ?"

ಈ ಕಾಗದವನ್ನು ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಎರಡು ಸಾಲು ಬರೆದು ಏಳುತ್ತೇನೆ, ಕಿಟಕಿಯವರೆಗೆ ಹೋಗಿ ಬರುತ್ತೇನೆ, ಮತ್ತೆ ಕೂರುತ್ತೇನೆ. ಹಿಂದೆ ಬರೆದ ಮೂರು ಕಾಗದ ಹರಿದು ಹಾಕಿದ್ದೇನೆ. ಯಾವ ಕಾಗದವೂ ಮುಟ್ಟದ ಊರಿಗೆ ನೀನು ಹೋಗಿದ್ದೀಯ ಅಂತ ಗೊತ್ತಿದ್ದೂ ಇಷ್ಟು ಹೆದರಿಕೆ ಯಾಕೆ?

ನಮ್ಮ ಹೊಲಿಗೆ ಅಂಗಡಿಯ ಕಟ್ಟೆ ನೆನಪಾಗುತ್ತದೆ. ಕುಡುಗೋಲು ತಾಗಿದವರು, ಮುಳ್ಳು ಚುಚ್ಚಿದವರು, ಕುರು ಒಡೆದವರು ಅಲ್ಲಿ ಬಂದು ಕೂರುತ್ತಿದ್ದರು. ನೀನು ಮಿಷನ್ ಬಿಟ್ಟು ಎದ್ದು, ಕುದಿಸಿ ಆರಿಸಿದ ಉಪ್ಪುನೀರಿನಿಂದ ಗಾಯ ತೊಳೆದು, ಮುಲಾಮು ಸವರಿ, ಕುದಿಸಿ ಒಣಗಿಸಿದ ಬಿಳಿ ಬಟ್ಟೆ ಕಟ್ಟುತ್ತಿದ್ದೆ. ಮುಲಾಮಿನಲ್ಲಿ ಇದ್ದದ್ದು ಬೇವಿನೆಣ್ಣೆ, ಅರಿಶಿನ, ಜೇನುಮೇಣ, ಜೊತೆಗೆ ಅಜ್ಜ ನಿನಗೆ ಮಾತ್ರ ತೋರಿಸಿದ್ದ ಎರಡು ಬೇರು. ಗಾಯದ ಅಂಚು ಕಪ್ಪಾಗಿದ್ದರೆ, ಜ್ವರ ಬಂದಿದ್ದರೆ ಮಾತ್ರ ನೀನು ಮುಟ್ಟುತ್ತಿರಲಿಲ್ಲ. "ಇದು ನನ್ನ ಕೆಲಸಲ್ಲ, ಕಲಬುರ್ಗಿಗಿ ಹೋಗ್ರಿ" ಎಂದು ನೀನೇ ಬಸ್ ಹತ್ತಿಸಿ ಬರುತ್ತಿದ್ದೆ.

ಪರೀಕ್ಷೆ ಹೇಗೆ ಮಾಡುತ್ತೀರಿ ಎಂದು ನೀನು ಕೇಳಿದಾಗ "ಮಿಷನ್‍ನಾಗ ಹಾಕ್ತೀವಪ್ಪ" ಎಂದು ಹಾರಿಸಿಬಿಟ್ಟಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ. ಚಿಕ್ಕ ತಟ್ಟೆಯಲ್ಲಿ ಪಾರದರ್ಶಕ ಹಲ್ವಾದಂಥ ಒಂದು ಪದಾರ್ಥ ಇರುತ್ತದೆ. ಅದರ ಮೇಲೆ ಕೀವು ಹುಟ್ಟಿಸುವ ಸೂಕ್ಷ್ಮಾಣುಗಳನ್ನು ಸವರುತ್ತೇವೆ. ಅಂಗಿಯ ಗುಂಡಿಯಷ್ಟು ಗುಳಿ ತೆಗೆದು ಔಷಧ ತುಂಬಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮರುದಿನ ತೆರೆಯುತ್ತೇವೆ. ಅಷ್ಟರಲ್ಲಿ ತಟ್ಟೆಯ ತುಂಬ ಸೂಕ್ಷ್ಮಾಣು ಬೆಳೆದು ಮಂಜು ಮುಸುಕಿದ ಹಾಗಿರುತ್ತದೆ. ಔಷಧ ಕೆಲಸ ಮಾಡಿದ್ದರೆ ಗುಳಿಯ ಸುತ್ತ ಏನೂ ಬೆಳೆಯದೆ ಒಂದು ತಿಳಿಯಾದ ಉಂಗುರ ಬೀಳುತ್ತದೆ. ಹೋಲಿಸಿ ನೋಡಲು ಇಟ್ಟಿದ್ದ ದವಾಖಾನೆಯ ಔಷಧದ ಸುತ್ತ ಚಂದದ ಉಂಗುರ ಬಿದ್ದಿತ್ತು. ನಿನ್ನ ಮುಲಾಮಿನ ಗುಳಿಯ ಅಂಚಿಗೇ ಸೂಕ್ಷ್ಮಾಣುಗಳು ಹತ್ತಿ ಬೆಳೆದಿದ್ದವು, ಅಪ್ಪ. ಮೂರು ಸಲ ಮಾಡಿದೆ. ಮೂರು ಸಲವೂ...

ನೀನು ಫೋನ್ ಮಾಡಿದಾಗ ಹಿಂದೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ನನ್ನ ಮಾತಿಗಾಗಿ ನಿಲ್ಲಿಸಿದ್ದೆ ಅನಿಸುತ್ತದೆ.

"ಏನಾಯ್ತವ್ವ?"

"ಚಲೋ ಬಂದದಪ್ಪ."

"ಖರೇನ?"

"ಖರೇನೇ."

ಯಾಕೆ ಹಾಗೆ ಹೇಳಿದೆ? ನನ್ನ ಹತ್ತಿರ ಒಂದು ನೆಪವಿತ್ತು. ಎಣ್ಣೆಯ ಮುಲಾಮು ಆ ತಟ್ಟೆಯಲ್ಲಿ ಸುಲಭವಾಗಿ ಹರಡುವುದಿಲ್ಲ, ಆದ್ದರಿಂದ ಉಂಗುರ ಬೀಳಲಿಲ್ಲವೆಂದ ಮಾತ್ರಕ್ಕೆ ಔಷಧವೇ ಸುಳ್ಳು ಎನ್ನಲಾಗದು. ದ್ರವದಲ್ಲಿ ಕಲಸಿ ಮಾಡುವ ಇನ್ನೊಂದು ಪರೀಕ್ಷೆ ಇದೆ. ಅದನ್ನು ಮಾಡಬೇಕಿತ್ತು, ಓದಿನ ಗಡಿಬಿಡಿಯಲ್ಲಿ ಮಾಡಲಿಲ್ಲ. ಆದರೆ ನೀನು ಕೇಳಿದ್ದು ಎಣ್ಣೆಯ ವಿಷಯವನ್ನಲ್ಲವಲ್ಲ. "ಇನ್ನೂ ಗೊತ್ತಾಗಿಲ್ಲಪ್ಪ" ಎಂದಿದ್ದರೆ ಸಾಕಿತ್ತು. ಅಷ್ಟನ್ನು ಹೇಳಲು ನನ್ನ ನಾಲಿಗೆಗೆ ಏನಾಗಿತ್ತು?

ಆ ದೀಪಾವಳಿಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತವರಿಗೆಲ್ಲ ನೀನು ನನ್ನನ್ನು ತೋರಿಸಿದೆ. "ನನ್ನ ಮಗಳು ದೊಡ್ಡ ಲ್ಯಾಬಿನಾಗ ನೋಡ್ಯಾಳ. ಮುಲಾಮು ಪಾಸಾಗ್ಯಾದ." ನಾನು ಒಳಗೆ ಹೋಗಿ ಅವ್ವನ ಫೋಟೋದ ಧೂಳು ಒರೆಸತೊಡಗಿದೆ. ಆಮೇಲೆ ನೀನು ಬಸ್ ಹತ್ತಿಸಿ ಕಳಿಸುವವರ ಸಂಖ್ಯೆ ಕಡಿಮೆಯಾಗಿತ್ತಂತೆ. ಇದನ್ನು ಅಣ್ಣ ಹೇಳಿದ್ದು ನೀನು ಹೋದ ಮೇಲೆ.

ನೀನು ಹೋಗಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ನನಗೆ ಕಲಬುರಗಿಯ ಒಂದು ದವಾಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ಬೆಳಿಗ್ಗೆ ಕೀವಿನ ಮಾದರಿಯೊಂದು ಬಂತು. ಚೀಟಿಯ ಮೇಲೆ ರತ್ನಾಬಾಯಿ, ಕಮಲಾಪುರ, ಕಾಲಿನ ಹುಣ್ಣು, ಶುಗರ್ ಇದೆ ಎಂದು ಬರೆದಿತ್ತು. ನಮ್ಮ ಅಂಗಡಿಯ ಎದುರು ಬಜಿ ಮಾಡುವ ರತ್ನಾಬಾಯಿ ಚಿಗವ್ವ. ಹನ್ನೆರಡು ಔಷಧ ಇಟ್ಟು ನೋಡಿದೆ. ಎರಡರ ಸುತ್ತ ಮಾತ್ರ ಉಂಗುರ ಬಿತ್ತು. ವರದಿ ಅಚ್ಚಾಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಆ ಎರಡರ ಹೆಸರು ಹೇಳಿದೆ. ಔಷಧ ಬದಲಾಯಿತು, ಕಾಲು ಉಳಿಯಿತು. ಆದರೆ ಅಷ್ಟರಲ್ಲಿ ಎರಡು ಬೆರಳು ತೆಗೆದಾಗಿತ್ತು.

ವಾರ್ಡಿಗೆ ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು. "ನಿಮ್ಮಪ್ಪ ಇರೋತನ ದಿನಾ ತೊಳದು ಕಟ್ಟತಿದ್ರು. ಅವ್ರು ಹೋದಮ್ಯಾಲ ನಿಮ್ಮಣ್ಣ ಡಬ್ಬಿ ಕೊಟ್ಟ, ನಾನೇ ಹಚ್ಕೊಂಡೆ. ಲ್ಯಾಬಿನಾಗ ಪಾಸಾದ ಮುಲಾಮು ಅಂತ ನಂಬಿ ದವಾಖಾನಿ ಕಡಿ ಬರಲಿಲ್ಲ ನೋಡು." ಅವಳು ದೂರುತ್ತಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದಳು ಅಷ್ಟೇ. ನಾನು ಅವಳ ಹೊದಿಕೆ ಸರಿಮಾಡಿ ಮೆಟ್ಟಿಲಿಳಿದು ಬಂದೆ.

ಆ ಭಾನುವಾರ ಊರಿಗೆ ಹೋಗಿ ಅಂಗಡಿಯಿಂದ ಒಂದು ಡಬ್ಬಿ ತಂದು, ಬಿಟ್ಟಿದ್ದ ಎರಡನೆಯ ಪರೀಕ್ಷೆ ಮಾಡಿದೆ. ಒಂದು ಜಾತಿಯ ಸೂಕ್ಷ್ಮಾಣು ಕೊಂಚ ನಿಧಾನವಾಗಿ ಬೆಳೆಯಿತು. ರತ್ನಾಬಾಯಿಯ ಕಾಲಿನಲ್ಲಿ ಸಿಕ್ಕಿದ್ದ ಸೂಕ್ಷ್ಮಾಣುವಿನ ಮೇಲೆ ನಿನ್ನ ಮುಲಾಮು ಏನೂ ಮಾಡಲಿಲ್ಲ. ಇಷ್ಟು ದಿನ ನನಗಿದ್ದ ಒಂದು ನೆಪವೂ ಹೋಯಿತು.

ಅಣ್ಣನಿಗೆ ಹೇಳಿದಾಗ ಅವನು ಕತ್ತರಿ ಕೆಳಗಿಟ್ಟ. "ಅಪ್ಪ ಹೋಗಿ ಮೂರು ತಿಂಗಳಾಗಿಲ್ಲ, ಅವನ ಹೆಸರು ಕೆಡಸ್ಲಾಕ ಬಂದೀಯೇನು?"

"ಕೆಡಿಸಿದ್ದು ಇವತ್ತಲ್ಲಣ್ಣ. ಅವತ್ತು ಫೋನಿನಾಗ."

ಉಳಿದ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿ ನನ್ನ ಮುಂದಿಟ್ಟ. "ಒಯ್ಯಿ" ಅಂದ. ಮತ್ತೆ ಕತ್ತರಿ ಎತ್ತಿಕೊಂಡು ತನ್ನ ಕೆಲಸಕ್ಕೆ ತಿರುಗಿದ.

ರತ್ನಾಬಾಯಿಗೆ ಹೇಳಲು ಅವಳ ಮನೆಗೆ ಹೋದ ದಿನ ಅವಳು ಬಾಗಿಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು.

"ಹಂಗಂದ್ರ ನಿಮ್ಮಪ್ಪಗ ಗೊತ್ತಿರಲಿಲ್ಲ."

"ಇಲ್ಲ ಚಿಗವ್ವ. ಅವನಿಗಿ ಬ್ಯಾಸರ ಆಗ್ತದಂತ..."

ಆಗ ತಲೆಯೆತ್ತಿದಳು. "ಬ್ಯಾಸರ ಮಾಡ್ಕೊಳ್ಳೋ ಮನುಷ್ಯಾ ಇದ್ರ ತಾನೇ ಡಬ್ಬಿ ಹಿಡಕೊಂಡು ನಿನ್ನ ಹತ್ರ ಯಾಕ ಬರ್ತಿದ್ರು? ನೀ ಖರೆ ಹೇಳಿದ್ರ ನನ್ನ ಮದಲನೇ ದಿನಾನೇ ಬಸ್ ಹತ್ತಸತಿದ್ರು. ನೀ ನಿಮ್ಮಪ್ಪಗ ಸಣ್ಣವ್ರು ಮಾಡಿದಿ, ಸುವರ್ಣಾ."

ದಿನಾ ಬೆಳಿಗ್ಗೆ ತಟ್ಟೆಗಳನ್ನು ತೆರೆಯುವಾಗ ಆ ಮಾತು ಕಿವಿಯಲ್ಲಿರುತ್ತದೆ. ಒಂದೊಂದು ಉಂಗುರವನ್ನೂ ಎರಡೆರಡು ಸಲ ಅಳೆಯುತ್ತೇನೆ. ಜೊತೆಯವರು ಇಷ್ಟು ಯಾಕೆ ಎನ್ನುತ್ತಾರೆ. ಅವರಿಗೆ ಏನಂತ ಹೇಳಲಿ? ನೀನು ಸತ್ಯವನ್ನು ತಡೆದುಕೊಳ್ಳುವವನು ಎಂದು ಬಜಿ ಮಾಡುವವಳಿಗೆ ಗೊತ್ತಿತ್ತು, ನಿನ್ನ ಮಗಳಿಗೆ...

ಇನ್ನು ಊರಿನ ಸುದ್ದಿ. ಈಗ ಪ್ರತಿ ಭಾನುವಾರ ನಾನು ಕಮಲಾಪುರಕ್ಕೆ ಹೋಗುತ್ತೇನೆ, ಕಟ್ಟೆಯ ಮೇಲೆ ಸಣ್ಣಪುಟ್ಟ ಗಾಯ ತೊಳೆದು ಕಟ್ಟುತ್ತೇನೆ. ಉಪ್ಪುನೀರು, ಕುದಿಸಿದ ಬಟ್ಟೆ, ಅಷ್ಟೇ. ಕಳೆದ ಯುಗಾದಿಯಿಂದ ಅಣ್ಣನೇ ಬಟ್ಟೆ ಕತ್ತರಿಸಿ ಕೊಡುತ್ತಿದ್ದಾನೆ. ಮಾತು ಕಡಿಮೆ, ಆದರೆ ಕೊಡುತ್ತಾನೆ. ಯಾರೂ ಕರೆಯದಿದ್ದರೂ ರತ್ನಾಬಾಯಿ ಬಂದು ಕಟ್ಟೆಯ ತುದಿಗೆ ಕೂರುತ್ತಾಳೆ. ಅವಳನ್ನು ದಾಟದೆ ಯಾರೂ ನನ್ನ ಹತ್ತಿರ ಬರುವಂತಿಲ್ಲ.

ಹೋದ ತಿಂಗಳು ಕಾಲಿಗೆ ಮೊಳೆ ಚುಚ್ಚಿಸಿಕೊಂಡ, ಗಾರೆ ಕೆಲಸದ ಗೌಂಡಿಯೊಬ್ಬ ಬಂದು ಟೇಲರ್ ಕಾಕಾನ ಮುಲಾಮೇ ಬೇಕೆಂದು ಹಟ ಹಿಡಿದ.

"ಶುಗರ್ ಅದನ?" ರತ್ನಾಬಾಯಿ ಕೇಳಿದಳು.

"ಅದರಿ, ಆದ್ರ ಗಾಯ ಸಣ್ಣದದ."

ಅವಳು ಚಪ್ಪಲಿ ಕಳಚಿ ಕಾಲನ್ನು ಅವನ ಮುಂದೆ ಚಾಚಿದಳು. "ನಂದೂ ಸಣ್ಣದೇ ಇತ್ತು. ಆ ಮುಲಾಮು ಪಾಸಾಗಿಲ್ಲ ತಮ್ಮಾ, ಫೇಲ್ ಆಗ್ಯಾದ. ಬಸ್ ಬರ್ಲಾಕತ್ತದ, ಏಳು."

ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಕಟ್ಟೆಯ ತುಂಬ ಜನ ಇದ್ದರು, ಎಲ್ಲರಿಗೂ ಕೇಳಿಸಿತ್ತು. ಅಣ್ಣ ಮಿಷನ್ ನಿಲ್ಲಿಸಿ ಹೊರಗೆ ಬಂದ, ಗೌಂಡಿಯ ತೋಳು ಹಿಡಿದು ರಸ್ತೆ ದಾಟಿಸಿ ಬಸ್ ಹತ್ತಿಸಿದ. ಅವನ ಐದೂ ಬೆರಳು ಉಳಿದಿವೆ, ಅಪ್ಪ.

ನಿನ್ನ
ಸುವರ್ಣಾ