ಶುಕ್ರವಾರದ ಜ್ವರ

ಮಾಗಳ
18-1-1999

ಸಂಪಾದಕರಿಗೆ, ಮಾಗಳದ ನೀಲಾಂಬಿಕಾ ಮಾಡುವ ನಮಸ್ಕಾರಗಳು.

ಹೋದ ತಿಂಗಳು ನಿಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ‘ಪೋಲಿಯೊ ಹನಿಗೆ ಮಗು ಬಲಿ’ ಎಂದು ಬಂದದ್ದು ನನ್ನ ಮಗಳು ಶಿವಲೀಲಾಳ ಸುದ್ದಿ. ಹನಿ ಹಾಕಿಸಿದ್ದು ಭಾನುವಾರ. ಜ್ವರ ಬಂದದ್ದು ಅದಕ್ಕೂ ಮೊದಲಿನ ಶುಕ್ರವಾರ. ನನ್ನ ದಿನಚರಿಯಲ್ಲಿ ಬರೆದಿದೆ. ಯಾವ ಜ್ವರವೋ ತಿಳಿಯಲಿಲ್ಲ ಎಂದು ಡಾಕ್ಟರು ಹೇಳಿದರು. ನಿಮ್ಮ ವರದಿಗಾರರಿಗೂ ಅಷ್ಟೇ ಹೇಳಿದ್ದೆ.

ಸುದ್ದಿ ಓದಿದ ನಮ್ಮ ಓಣಿಯವರು ಈ ಸಲ ಹನಿಯೇ ಬೇಡವೆಂದರು. ನಾನು ಮನೆಮನೆಗೆ ಹೋಗಿ ದಿನಚರಿಯ ಆ ಪುಟ ಓದಿದೆ.

‘ಮತ್ತ ನಿನ್ನ ಸಣ್ಣ ಮಗಗ ಹಾಕಸ್ತಿಯೇನವಾ?’ ಎಂದಳು ನೆರೆಯ ಪಕ್ಕೀರಮ್ಮ.

‘ಎಲ್ಲಾರಕಿಂತ ಮೊದಲು ಅವಗ ಹಾಕಸ್ತೀನಿ. ನೀ ನಿಂತು ನೋಡಬೇ.’

ನಿನ್ನೆ ನನ್ನ ಮಗನ ಹಿಂದೆ ಓಣಿಯ ಮಕ್ಕಳೆಲ್ಲ ಸಾಲು ನಿಂತರು. ಮೊಮ್ಮಗಳನ್ನು ಎತ್ತಿಕೊಂಡು ಪಕ್ಕೀರಮ್ಮನೇ ಎರಡನೆಯವಳಾಗಿ ಬಂದಳು. ಒಂದು ಮಗುವೂ ತಪ್ಪಲಿಲ್ಲ.

ಇದನ್ನೂ ಮೊದಲ ಪುಟದಲ್ಲಿ, ಆವತ್ತಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿರಿ. ಮಗಳು ತೀರಿಕೊಂಡ ಕಾರಣ ತಿಳಿದಿಲ್ಲ ಎಂದೇ ಬರೆಯಿರಿ. ವರದಿಗಾರರು ಒಯ್ದ ಅವಳ ಫೋಟೊ ವಾಪಸು ಕಳಿಸಿರಿ, ನಮ್ಮಲ್ಲಿ ಇದ್ದದ್ದು ಅದೊಂದೇ. ಪತ್ರಿಕೆಗೆ ಫೋಟೊ ಬೇಕಾದರೆ ಓಣಿಯ ತುಂಬ ಮಕ್ಕಳಿದ್ದಾರೆ. ಬಂದು ತೆಗೆದುಕೊಂಡು ಹೋಗಿರಿ.

ಇಂತಿ,
ನೀಲಾಂಬಿಕಾ
ಶಿವಲೀಲಾಳ ತಾಯಿ