ಮಂಡಿಯೂರಿದವಳ ಕಣ್ಣೆತ್ತರ

ಮಂಗಳವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ನಿನ್ನ ನೂಲುಂಡೆಯ ನಮಸ್ಕಾರ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಂಗಡಿಯ ಫೋನನ್ನು ಮೊದಲು ಎತ್ತುವವಳು ಚಿಕ್ಕಮ್ಮ. ಅದಕ್ಕೇ ಕಾಗದ. ಒಬ್ಬಳೇ ಇದ್ದಾಗ ಓದು.

ಕಂಪ್ಯೂಟರ್ ಆಟ ತಯಾರಿಸುವ ಕ್ಲಾಸಿನಲ್ಲಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೋಣೆ ಕಟ್ಟಿ ತನ್ನಿ ಅಂದರು. ನಾನು ನಮ್ಮ ಹೊಲಿಗೆ ಅಂಗಡಿಯನ್ನೇ ಕಟ್ಟಿದೆ. ಹೋದ ವಾರ ನಿನ್ನ ಕೈಗೆ ಟೇಪು ಹಿಡಿಸಿ ಅಳತೆ ಕೇಳಿದ್ದು ಇದಕ್ಕೇ. ಯಾವ ವಸ್ತು ಎಲ್ಲಿರಬೇಕು ಅನ್ನುವುದಕ್ಕೆ ಮೂರು ಅಂಕಿ: ಎಡಬಲಕ್ಕೊಂದು, ಎತ್ತರಕ್ಕೊಂದು, ಹಿಂದುಮುಂದಕ್ಕೊಂದು. ಮೊದಲ ದಿನ ಎತ್ತರ ತಪ್ಪಿ ಹೊಲಿಗೆ ಮಿಷನ್ನು ಕತ್ತಿನವರೆಗೆ ನೆಲದಲ್ಲಿ ಹೂತುಹೋಯಿತು, ಇಸ್ತ್ರಿಪೆಟ್ಟಿಗೆ ಗಾಳಿಯಲ್ಲಿ ನಿಂತಿತು. ತಿರುಗಿಸುವುದಕ್ಕೂ ಮೂರು ಅಂಕಿ. ಚಿಕ್ಕಮ್ಮನ ಕುರ್ಚಿಯನ್ನು ಖಾನೆಯ ಕಡೆಗೆ ತಿರುಗಿಸಲು ಹೋದರೆ ಅದು ಅಂಗಾತ ಮಲಗಿಬಿಟ್ಟಿತು. ಟೀಚರ್ ನೋಡಿ, ಏನಮ್ಮಾ, ನಿಮ್ಮಂಗಡೀಲಿ ಕುರ್ಚಿಗೂ ಸುಸ್ತಾ ಅಂದರು.

ಖಾನೆ ಅಂದೆನಲ್ಲ, ವಿಷಯ ಅಲ್ಲಿದೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಸಮಾಧಾನಕ್ಕೆ ಬರೆಯುತ್ತೇನೆ. ಹಳೇ ಕೋಟು ರಿಪೇರಿಗೆ ಕೊಟ್ಟಿದ್ದ ಗಿರಾಕಿಯ ಬೆಳ್ಳಿ ಗುಂಡಿಗಳನ್ನು ಬಿಚ್ಚಿ ಇಸ್ತ್ರಿ ಮೇಜಿನ ಖಾನೆಯಲ್ಲಿಟ್ಟೆ ಅಂದವಳು ಚಿಕ್ಕಮ್ಮ. ಕತ್ತರಿ ಮಾವ ಖಾನೆ ಎಳೆದು ಅವನ್ನು ಜೇಬಿಗೆ ಹಾಕಿಕೊಂಡದ್ದನ್ನು ತನ್ನ ಮಿಷನ್ ಮುಂದೆ ಕೂತೇ ನೋಡಿದೆ ಅಂದವಳೂ ಅವಳೇ. ನಾನು ಹುಟ್ಟುವುದಕ್ಕೆ ಮೊದಲಿನಿಂದ ನಮ್ಮಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಮಾವ, ಸೀಮೆಸುಣ್ಣ ತಗೊಂಡೆ ಕಣಕ್ಕ, ಇನ್ನೇನೂ ಮುಟ್ಟಿಲ್ಲ ಅಂತ ಬಾಯಿ ಬಡಿದುಕೊಂಡರೂ ಯಾರೂ ಕೇಳಲಿಲ್ಲ. ಈಗ ಯಾವ ಅಂಗಡಿಯವರೂ ಅವರ ಕೈಗೆ ಕತ್ತರಿ ಕೊಡುವುದಿಲ್ಲ. ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಿದ್ದಾರಂತೆ.

ಈ ವಾರದ ಪಾಠಕ್ಕೆ ರೇಕಾಸ್ಟಿಂಗ್ ಅಂತ ಹೆಸರು. ಒಂದು ಜಾಗದಿಂದ ಒಂದು ದಿಕ್ಕಿಗೆ ಕಾಣದ ದಾರ ಎಸೆದಂತೆ. ಮೊದಲು ಯಾವುದಕ್ಕೆ ತಗಲುತ್ತದೋ ಅದರ ಹೆಸರು ಹೇಳುತ್ತದೆ. ಆಟದಲ್ಲಿ ಕಾವಲುಗಾರನಿಗೆ ಕಳ್ಳ ಕಾಣುತ್ತಾನೋ ಇಲ್ಲವೋ ಅಂತ ತಿಳಿಯುವುದು ಹೀಗೆ. ನಾನು ಕುರ್ಚಿಯಲ್ಲಿ ಚಿಕ್ಕಮ್ಮನ ಬೊಂಬೆ ಕೂರಿಸಿ, ಅದರ ಕಣ್ಣಿನಿಂದ ಖಾನೆಗೆ ದಾರ ಎಸೆದೆ. ತಗುಲಿದ್ದು ಚಿಕ್ಕಮ್ಮನಿಗೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ. ಎಲ್ಲರೂ ಮಾಡುವ ತಪ್ಪೇ ಇದು, ತಲೆಯೊಳಗಿಂದ ಹೊರಟ ದಾರ ಮೊದಲು ತನ್ನ ತಲೆಗೇ ತಗಲುತ್ತೆ, ನೋಡುವವರನ್ನ ಬಿಟ್ಟು ನೋಡು ಅಂತ ಅದಕ್ಕೆ ಹೇಳಬೇಕು ಅಂದರು ಟೀಚರ್. ಹೇಳಿದೆ. ಖಾನೆ ಅಂತ ಬಂತು.

ನನಗೆ ನಾಚಿಕೆಯಾಯಿತು. ಎತ್ತಿ ಆಡಿಸಿದವಳ ಮೇಲೆ ಅನುಮಾನಪಟ್ಟೆನಲ್ಲ ಅಂತ. ಆಮೇಲೆ ನೋಡಿದರೆ ದಾರ ಪರದೆಯನ್ನು ತೂರಿಕೊಂಡು ಹೋಗಿದೆ. ಗಿರಾಕಿ ಬಟ್ಟೆ ಹಾಕಿ ನೋಡುವಾಗ ಅಂಗಡಿಯ ನಡುವೆ ಎಳೆಯುತ್ತೀವಲ್ಲ, ಆ ಪರದೆ. ಕಣ್ಣಿಗೆ ಎಷ್ಟೇ ದಪ್ಪ ಕಂಡರೂ, ಗಟ್ಟಿ ವಸ್ತು ಅಂತ ಗುರುತು ಹಾಕದಿದ್ದರೆ ದಾರದ ಪಾಲಿಗೆ ಅದು ಇಲ್ಲವೇ ಇಲ್ಲ. ಗುರುತು ಹಾಕಿದೆ. ಪರದೆ ಅಂತ ಬಂತು. ಕುರ್ಚಿ ಸರಿಸಿದೆ, ತಿರುಗಿಸಿದೆ. ಪರದೆ, ಮತ್ತೆ ಪರದೆ.

ಅವತ್ತು ಪರದೆ ತೆರೆದಿತ್ತೇನೋ ಅನ್ನಬೇಡ. ಆಚೆ ಕನ್ನಡಿಯ ಮುಂದೆ ಗಿರಾಕಿಯೊಬ್ಬರು ಹೊಸ ಪ್ಯಾಂಟು ಹಾಕಿ ನೋಡುತ್ತಿದ್ದರು, ನೀನು ಮಂಡಿಯೂರಿ ಅಂಚಿಗೆ ಪಿನ್ನು ಚುಚ್ಚುತ್ತಿದ್ದೆ. ಹೀಗಂದವಳೂ ಚಿಕ್ಕಮ್ಮನೇ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಕೈ ಸುಮ್ಮನಿರಲಿಲ್ಲ. ನಿನ್ನನ್ನೂ ಕನ್ನಡಿಯ ಹತ್ತಿರ ಇಟ್ಟು ದಾರ ಎಸೆದೆ. ನಿಂತ ಎತ್ತರದಿಂದ ಎಸೆದರೆ, ಕೋಲಿಗೆ ನೇತುಹಾಕಿದ ಷರ್ಟುಗಳು ಅಡ್ಡ ಬಂದವು. ಎತ್ತರದ ಅಂಕಿಯನ್ನು ಮಂಡಿಯೂರಿದವಳ ಕಣ್ಣಿಗೆ ಇಳಿಸಿದೆ. ದಾರ ಷರ್ಟುಗಳ ಕೆಳಗಿನಿಂದ ನೆಟ್ಟಗೆ ಹೋಗಿ ಖಾನೆ ಮುಟ್ಟಿತು.

ದಾರ ಮುಟ್ಟಿದ ಮಾತ್ರಕ್ಕೆ ನೀನು ನೋಡಿದೆ ಅಂತಲ್ಲಮ್ಮ. ಪಿನ್ನು ಚುಚ್ಚುವವಳ ಕಣ್ಣು ಪಿನ್ನಿನ ಮೇಲಿರುತ್ತದೆ. ಆದರೆ ಬಾಗಿಲಿನಿಂದ ಮೊಳೆಯವರೆಗೆ ಅಳತೆ ಕೊಟ್ಟವಳು, ಅವತ್ತು ನೀನೆಲ್ಲಿ ಕೂತಿದ್ದೆ ಅಂದ ಕೂಡಲೇ, ನಂದ್ಯಾಕೆ ಬಿಡೇ, ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಫೋನ್ ಇಟ್ಟೆ. ಅಂಗಡಿಯಲ್ಲಿ ಒಲೆ ಎಲ್ಲಿದೆ?

ಮಾವನ ಕೈಗೆ ಬಂದದ್ದು ಸೀಮೆಸುಣ್ಣವೋ ಗುಂಡಿಯೋ ನಿನಗೆ ಗೊತ್ತು ಅಂತ ನನ್ನ ಅನುಮಾನ. ಒಡಹುಟ್ಟಿದ ತಂಗಿ ಸುಳ್ಳುಗಾತಿ ಅನ್ನಿಸಿಕೊಳ್ಳಬಾರದು ಅಂತ ಸುಮ್ಮನಾದೆಯಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಯಾವಾಗಲೂ ಅನ್ನುತ್ತೀ. ಇಲ್ಲಿ ಮುರಿಯುತ್ತಿರುವುದು ಮಾವನ ಬೆನ್ನು.

ನಾನು ಯಾರನ್ನೂ ಏನೂ ಕೇಳಿಲ್ಲ. ನಿನ್ನ ಬಾಯಿಂದಲೇ ತಿಳಿಯಬೇಕು ಅಂತ ಕಾದಿದ್ದೇನೆ.

ಇಂತಿ ನಿನ್ನ ಮಗಳು,
ನೂಲುಂಡೆ

ಮರೆತದ್ದಲ್ಲ, ತಡೆದಿಟ್ಟ ಮಾತು: ಯಾರನ್ನೂ ಕೇಳಿಲ್ಲ ಅಂದದ್ದು ಸುಳ್ಳು. ನಿನ್ನೆ ಕೋಟಿನವರಿಗೆ ಫೋನ್ ಮಾಡಿದ್ದೆ. ಗುಂಡಿಗಳು ಖಾನೆಗೆ ಹೋಗಿಯೇ ಇರಲಿಲ್ಲ. ಚಿಕ್ಕಮ್ಮ ಬಿಚ್ಚಿ ಕೋಟಿನ ಜೇಬಿಗೇ ಹಾಕಿ ಮರೆತಿದ್ದಾಳೆ. ಜೇಬು ತೂತು. ಗುಂಡಿಗಳು ಒಳಪದರಕ್ಕೆ ಜಾರಿ, ಕೋಟಿನ ಜೊತೆಗೇ ಅವರ ಮನೆ ಸೇರಿವೆ. ಸಿಕ್ಕಿದ ದಿನಾನೇ ನಿಮ್ಮಮ್ಮಂಗೆ ಹೇಳಿದ್ನಲ್ಲಮ್ಮ, ಅವ್ರು, ಕತ್ತರಿಯವರನ್ನ ನಾನೇ ಕರೆದು ಹೇಳ್ತೀನಿ ಅಂದಿದ್ರು, ಇನ್ನೂ ಹೇಳಿಲ್ವಾ ಅಂತ ಬೆರಗಾದರು. ಮಾವನಿಗೆ ತಾವೇ ಹೇಳಿಬರಲು ಆಗಲೇ ಮಾರುಕಟ್ಟೆಗೆ ಹೊರಟುಬಿಟ್ಟಿದ್ದರು. ಅಮ್ಮನೇ ಹೇಳಲಿ, ಭಾನುವಾರದವರೆಗೆ ತಾಳಿ ಅಂತ ಬೇಡಿಕೊಂಡಿದ್ದೇನೆ.